ಕಥೊಲಿಕ್ ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳು: ದಾಖಲಾತಿಯಿಂದ ಎಸ್ಸೆಸ್ಸೆಲ್ಸಿವರೆಗೆ ಮಾಡಬೇಕಾದ ಕೆಲಸ

'ಕಾನ್ವೆಂಟಿಗೆ ಹಾಕಿದರೆ ಮಗು ದಾರಿಗೆ ಬರುತ್ತದೆ' ಎಂಬ ಮಾತು ಮಂಗಳೂರಿನಲ್ಲೂ ಕೇಳುತ್ತದೆ, ಬೆಂಗಳೂರಿನಲ್ಲೂ ಕೇಳುತ್ತದೆ. ಮಾತು ತಡವಾಗಿ ಬಂದ ಮಗು, ಒಂದು ಕಡೆ ಕೂರಲಾರದ ಮಗು, ನಾಲ್ಕನೇ ತರಗತಿಗೆ ಬಂದರೂ ಒತ್ತಕ್ಷರಕ್ಕೆ ತಡವರಿಸುವ ಮಗು. ಇಂಥವರ ಕೈಹಿಡಿದುಕೊಂಡು ಹಿಂದೂ, ಮುಸ್ಲಿಂ, ಕ್ರೈಸ್ತ ಪೋಷಕರೆಲ್ಲ ಮುಖ್ಯೋಪಾಧ್ಯಾಯಿನಿಯ ಕೋಣೆ ಮುಂದೆ ಕೂತಿರುತ್ತಾರೆ. ಸಿಸ್ಟರ್ ಇಲ್ಲ ಅನ್ನುವುದಿಲ್ಲ ಎಂಬುದು ಅವರ ಒಂದು ನಂಬಿಕೆ, ಇಲ್ಲಿ ಶಿಸ್ತು ಇದೆ ಎಂಬುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ನಿಜ. ತೊಡಕಿರುವುದು ಎರಡನೆಯದರಲ್ಲಿ. ಸಾಲು, ಮೌನ, ಕಾಪಿ ರೈಟಿಂಗ್, ಡಿಕ್ಟೇಶನ್, ಬೋರ್ಡ್ ನೋಡಿ ಪುಟಗಟ್ಟಲೆ ಇಳಿಸಿಕೊಳ್ಳುವುದು: ಪೋಷಕರು ಮೆಚ್ಚುವ ಈ ಶಿಸ್ತೇ ಈ ಮಕ್ಕಳಿಗೆ ಎಲ್ಲಕ್ಕಿಂತ ಭಾರ.

ಇನ್ನೊಂದು ತೊಡಕು ಒಳಗಿನವರಿಗೆ ಚೆನ್ನಾಗಿ ಗೊತ್ತು. ವರ್ಗಾವಣೆ. ಬೇಸಿಗೆ ರಜೆಯಲ್ಲಿ ಪ್ರಾವಿನ್ಶಿಯಲ್ (ಸಿಸ್ಟರ್ ಸೇರಿದ ಸನ್ಯಾಸಿನಿ ಸಭೆಯ ಪ್ರಾಂತ್ಯದ ಮುಖ್ಯಸ್ಥೆ) ಅವರಿಂದ ಪತ್ರ ಬರುತ್ತದೆ, ಮಗುವಿನ ಹಠ, ಅಂಜಿಕೆ, ಮಾತ್ರೆಯ ಹೊತ್ತು ಎಲ್ಲ ಬಲ್ಲ ಸಿಸ್ಟರ್ ಜೂನ್‌ಗೆ ಮುನ್ನ ಇನ್ನೊಂದು ಜಿಲ್ಲೆಯಲ್ಲಿರುತ್ತಾರೆ. ಹೊಸಬರು ಎಷ್ಟೇ ಒಳ್ಳೆಯವರಾದರೂ ಮೊದಲಿಂದ ಶುರುಮಾಡಬೇಕು. ಆದ್ದರಿಂದ ಕೆಳಗಿನ ಪ್ರತಿ ಹೆಜ್ಜೆಗೂ ನಾನು ಇಡುವ ಪರೀಕ್ಷೆ ಒಂದೇ: ಈಗಿರುವ ಸಿಸ್ಟರೋ ಫಾದರೋ ಹೋದ ಮೇಲೂ ಇದು ನಡೆಯುತ್ತದೆಯೇ?

1. ಮೊದಲು ಕಾನೂನನ್ನು ಸರಿಯಾಗಿ ತಿಳಿದುಕೊಳ್ಳಿ

'ನಮ್ಮದು ಅಲ್ಪಸಂಖ್ಯಾತ ಸಂಸ್ಥೆ, ಇದು ನಮಗೆ ಅನ್ವಯಿಸುವುದಿಲ್ಲ' ಎಂದು ಕೆಲವು ಆಡಳಿತ ಮಂಡಳಿಗಳು ಹೇಳುವುದುಂಟು. ಇದು ಅರ್ಧ ಸತ್ಯ. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಶಾಲೆಗಳನ್ನು ಹೊರಗಿಟ್ಟದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬೇರೆಯದೇ ಕಾನೂನು. ಅದರ 16ನೇ ಸೆಕ್ಷನ್ ಸರ್ಕಾರದ ಅನುದಾನ ಪಡೆಯುವ ಶಾಲೆಗಳ ಜೊತೆಗೆ ಸರ್ಕಾರದ ಮಾನ್ಯತೆ ಪಡೆದ ಶಾಲೆಗಳನ್ನೂ ಹೆಸರಿಸುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು, ಮಗುವಿನ ಪ್ರಗತಿಯ ಮೇಲೆ ಕಣ್ಣಿಡಬೇಕು ಎನ್ನುತ್ತದೆ. ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ನ್ಯೂನತೆಗಳಿವೆ. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ (ಓದು, ಬರಹ, ಲೆಕ್ಕ ಕಲಿಯುವಲ್ಲಿನ ತೊಡಕು), ಮಾತು-ಭಾಷೆಯ ನ್ಯೂನತೆ ಎಲ್ಲವೂ ಅದರಲ್ಲಿವೆ.

ಕಾನೂನು ಇರದಿದ್ದರೂ ಧರ್ಮಸಭೆಯ (ಕಥೊಲಿಕ್ ಚರ್ಚಿನ) ನಿಲುವೇನೂ ಅಸ್ಪಷ್ಟವಾಗಿಲ್ಲ. ಆದರೆ ಆ ನಿಲುವು ಗೋಡೆಯ ಮೇಲಿನ ಧ್ಯೇಯವಾಕ್ಯದಲ್ಲಿ ಇದ್ದರೆ ಸಾಲದು. ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ಪುಟದ ನಿರ್ಣಯ ಮಾಡಿಸಿ: ನ್ಯೂನತೆಯ ಕಾರಣಕ್ಕೆ ದಾಖಲಾತಿ ನಿರಾಕರಿಸುವುದಿಲ್ಲ, ಈ ಕೆಲಸಕ್ಕೆ ಇಂಥ ಶಿಕ್ಷಕಿ ಹೊಣೆ, ವರ್ಷಕ್ಕೆ ಇಷ್ಟು ಹಣ. ಸಂಚಾಲಕರ ಸಹಿಯಿರಲಿ. ಹೊಣೆ ಹೊರುವ ಶಿಕ್ಷಕಿ ಸಿಸ್ಟರ್ ಆಗಿರುವುದಕ್ಕಿಂತ ಊರಿನಲ್ಲೇ ಇರುವ ಕಾಯಂ ಶಿಕ್ಷಕಿಯಾಗಿದ್ದರೆ ಒಳ್ಳೆಯದು. ಕಾರಣ ಆಗಲೇ ಹೇಳಿದೆ.

2. ಗುರುತಿಸುವುದು: ಕಣ್ಣು, ಕಿವಿ, ಮನೆಮಾತು, ಆಮೇಲೆ ಉಳಿದದ್ದು

ಜೂನ್, ಜುಲೈಯಲ್ಲಿ ಯಾರ ಬಗ್ಗೆಯೂ ತೀರ್ಮಾನಕ್ಕೆ ಬರಬೇಡಿ, ಗಮನಿಸಿ ಅಷ್ಟೆ. ಆಗಸ್ಟ್ ಹೊತ್ತಿಗೆ ಪ್ರತಿ ತರಗತಿ ಶಿಕ್ಷಕಿಯಿಂದ ಅನುಮಾನವಿರುವ ಮಕ್ಕಳ ಹೆಸರು ಬರಲಿ. ಹೆಸರಿನ ಜೊತೆ ಕಂಡದ್ದನ್ನೇ ಬರೆಯಬೇಕು. 'ಸೋಮಾರಿ', 'ಗಮನವಿಲ್ಲ' ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. 'ಬೋರ್ಡಿನಿಂದ ಮೂರು ಸಾಲು ಇಳಿಸುವಷ್ಟರಲ್ಲಿ ಉಳಿದವರು ಹತ್ತು ಸಾಲು ಮುಗಿಸಿರುತ್ತಾರೆ', 'ಬಾಯಲ್ಲಿ ಕೇಳಿದರೆ ಉತ್ತರ ಗೊತ್ತು, ಬರೆಯಲು ಹೇಳಿದರೆ ಹಾಳೆ ಖಾಲಿ' ಎಂದು ಬರೆದರೆ ಅರ್ಧ ಕೆಲಸ ಅಲ್ಲೇ ಆಯಿತು.

ಮೊದಲು ಕಣ್ಣು ಮತ್ತು ಕಿವಿ ತಪಾಸಣೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡ ಬರುತ್ತದೆ. ಅನುದಾನರಹಿತ ಶಾಲೆಯವರು ಹತ್ತಿರದ ಆಸ್ಪತ್ರೆಯ ಜೊತೆ ಮಾತಾಡಿ ಒಂದು ದಿನದ ಶಿಬಿರ ಮಾಡಿಸಬಹುದು. ಕಿವಿ ಸೋರುವ ಮಗುವನ್ನು ತಿಂಗಳುಗಟ್ಟಲೆ 'ಕೇಳಿಸಿಕೊಳ್ಳುವುದಿಲ್ಲ' ಎಂದು ಬೈಯುವ ತರಗತಿಗಳು ಕಡಿಮೆಯೇನಲ್ಲ.

ಆಮೇಲೆ ಮನೆಮಾತು. ಕರಾವಳಿಯ ಕಥೊಲಿಕ್ ಶಾಲೆಯ ಒಂದೇ ಬೆಂಚಿನಲ್ಲಿ ಕೊಂಕಣಿ, ತುಳು, ಬ್ಯಾರಿ ಮಾತಾಡುವ ಮಕ್ಕಳು ಕೂತಿರುತ್ತಾರೆ, ಓದುವುದು ಕನ್ನಡ ಅಥವಾ ಇಂಗ್ಲಿಷ್. ಮಗುವಿಗೆ ಭಾಷೆ ಹೊಸದೋ, ಕಲಿಕೆಯೇ ಕಷ್ಟವೋ ಎಂದು ತಿಳಿಯಲು ಸುಲಭದ ದಾರಿ ಮನೆಮಾತಿನಲ್ಲಿ ಒಂದು ಕಥೆ ಹೇಳಿಸುವುದು. ಮನೆಮಾತಿನಲ್ಲಿ ಸರಾಗವಾಗಿ, ಹಿಂದುಮುಂದಾಗದೆ ಹೇಳಿದರೆ ತೊಂದರೆ ಭಾಷೆಯದಿರಬಹುದು. ಅಲ್ಲೂ ಪದ ಸಿಗದೆ, ವಾಕ್ಯ ಕೂಡದೆ ಒದ್ದಾಡಿದರೆ ತಜ್ಞರಿಗೆ ತೋರಿಸಬೇಕು. ಶಾಲೆಯಲ್ಲಿ ಕೊಂಕಣಿ ಬಲ್ಲವರು, ಬ್ಯಾರಿ ಬಲ್ಲವರು ಯಾರಾದರೂ ಇದ್ದೇ ಇರುತ್ತಾರೆ. ಆಯಾ ಆದರೂ ಆದೀತು.

ಕನ್ನಡ ಓದಿನ ತೊಂದರೆಯನ್ನು ಇಂಗ್ಲಿಷ್ ಡಿಸ್ಲೆಕ್ಸಿಯಾದ (ಓದುವ ತೊಂದರೆಯ) ಲಕ್ಷಣಗಳ ಪಟ್ಟಿ ಹಿಡಿದು ಅಳೆಯಬೇಡಿ. ಅಂತರ್ಜಾಲದಲ್ಲಿ ಸಿಗುವ ಪಟ್ಟಿಗಳಲ್ಲಿ ಇಂಗ್ಲಿಷ್‌ನ ಬಿ ಮತ್ತು ಡಿ ಅಕ್ಷರ ತಿರುಗುಮುರುಗಾಗುವುದೇ ದೊಡ್ಡ ಲಕ್ಷಣ. ನಮ್ಮ ಲಿಪಿಯಲ್ಲಿ ಕಾಗುಣಿತ ಸೇರಿದರೆ 400ಕ್ಕೂ ಹೆಚ್ಚು ರೂಪಗಳು, ಅದರ ಮೇಲೆ ಒತ್ತಕ್ಷರ. ತೊಂದರೆಯಿಲ್ಲದ ಮಕ್ಕಳಿಗೂ ಇದೆಲ್ಲ ಕೈಗೆ ಹತ್ತಲು ಮೂರು ನಾಲ್ಕು ವರ್ಷ ಬೇಕು. ಹಾಗಾಗಿ ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದರೆ ಗಾಬರಿಯಾಗಬೇಕಿಲ್ಲ. ಹ್ರಸ್ವ-ದೀರ್ಘ ಬೆರೆಯುವುದು, ಬ-ಭ, ದ-ಧ ಗೊಂದಲ, 'ಅಕ್ಕ'ನನ್ನು 'ಅಕ' ಎಂದು ಓದುವುದು ನಾಲ್ಕೈದನೇ ತರಗತಿಯವರೆಗೂ ಹಾಗೇ ಉಳಿದರೆ, ಓದಿನ ವೇಗ ಜೊತೆಯವರಿಗಿಂತ ತುಂಬ ಹಿಂದಿದ್ದರೆ ಆಗ ಎಚ್ಚರ. 'ಹ' ಬಿಟ್ಟು 'ಅ' ಅನ್ನುವುದು, ಶ-ಸ ಒಂದೇ ಮಾಡುವುದು ಎಷ್ಟೋ ಸಲ ಮನೆಯ ಉಚ್ಚಾರಣೆ. ಅದನ್ನು ನ್ಯೂನತೆಯ ಲೆಕ್ಕಕ್ಕೆ ಸೇರಿಸಬೇಡಿ.

3. ತಾಯಿ ತಂದೆಯ ಜೊತೆ ಮಾತು

ಪೇರೆಂಟ್ಸ್ ಮೀಟಿಂಗ್ ದಿನ ಸಾಲಿನಲ್ಲಿ ನಿಂತ ತಾಯಿಗೆ, ಹಿಂದೆ ಇನ್ನಿಬ್ಬರು ಕೇಳಿಸಿಕೊಳ್ಳುವಾಗ, ಇದನ್ನು ಹೇಳಬೇಡಿ. ಬೇರೆ ದಿನ ಕರೆಸಿ. ತಂದೆ ದುಬೈಯಲ್ಲೋ ಕುವೈತಿನಲ್ಲೋ ಇದ್ದರೆ ವಿಡಿಯೊ ಕರೆಯಲ್ಲಿ ಸೇರಿಸಿಕೊಳ್ಳಿ. ಇಲ್ಲದಿದ್ದರೆ 'ನೀನೇ ಸರಿಯಾಗಿ ನೋಡಿಕೊಂಡಿಲ್ಲ' ಎಂಬ ಮಾತು ಆ ತಾಯಿಯೊಬ್ಬಳ ತಲೆಗೆ ಬರುತ್ತದೆ. ಅಜ್ಜಿ ಮನೆಯಲ್ಲಿದ್ದರೆ ಅವರನ್ನೂ ಕರೆಯಿರಿ, ತೀರ್ಮಾನ ಅನೇಕ ಸಲ ಅವರದೇ.

ಮಗು ಚೆನ್ನಾಗಿ ಮಾಡುವುದರಿಂದ ಮಾತು ತೆಗೆಯಿರಿ, ಆಮೇಲೆ ನೋಟ್‌ಬುಕ್ ತೋರಿಸಿ. 'ಅಮ್ಮ, ಇವನಿಗೆ ಲೆಕ್ಕದ ಉತ್ತರ ಬಾಯಲ್ಲಿ ಬರುತ್ತದೆ. ಪ್ರಶ್ನೆ ಓದಿಕೊಳ್ಳುವಾಗ ಸಿಕ್ಕಿಬೀಳುತ್ತಾನೆ. ಯಾಕೆ ಅಂತ ತಿಳಿದವರಿಗೆ ತೋರಿಸೋಣ. ಶಾಲೆಯಿಂದ ಕಳಿಸುವ ಮಾತಲ್ಲ ಇದು.' ಈ ಕೊನೆಯ ವಾಕ್ಯ ಬಿಡಬೇಡಿ. ಕರೆಸಿದ್ದೇ ಟಿ.ಸಿ. ಕೊಡಲು ಎಂಬ ಹೆದರಿಕೆಯಲ್ಲೇ ಹೆಚ್ಚಿನವರು ಬಂದಿರುತ್ತಾರೆ. ರೋಗದ ಹೆಸರನ್ನು ಶಿಕ್ಷಕಿ ಹೇಳಬಾರದು, ಅದು ವೈದ್ಯರ ಕೆಲಸ.

ಕಥೊಲಿಕ್ ಮನೆಗಳಲ್ಲಿ ಇನ್ನೆರಡು ಸಂಗತಿ ಎದುರಾಗುತ್ತವೆ. 'ಇದು ದೇವರು ಕೊಟ್ಟ ಶಿಲುಬೆ' ಎಂದು ಸುಮ್ಮನಾಗುವುದು ಒಂದು, ಗುಣವಾಗಲಿ ಎಂದು ಧ್ಯಾನಕೂಟಗಳಿಗೆ ಅಲೆಯುವುದು ಇನ್ನೊಂದು. ನಂಬಿಕೆಯ ಜೊತೆ ಜಗಳಕ್ಕಿಳಿಯಬೇಡಿ. ಆದರೆ ಅಪಸ್ಮಾರದ ಮಾತ್ರೆಯನ್ನು, ವೈದ್ಯರು ಬರೆದುಕೊಟ್ಟ ಯಾವ ಮಾತ್ರೆಯನ್ನೂ, ಪ್ರಾರ್ಥನೆಯ ಹೆಸರಿನಲ್ಲಿ ನಿಲ್ಲಿಸಕೂಡದು ಎಂಬುದನ್ನು ಸಿಸ್ಟರ್ ಅಥವಾ ಫಾದರ್ ಬಾಯಿಂದಲೇ ಹೇಳಿಸಿ. ಆ ಮಾತು ಅವರು ಹೇಳಿದರೆ ನಡೆಯುತ್ತದೆ, ನಾವು ಹೇಳಿದರೆ ಇಲ್ಲ.

4. ತಜ್ಞರ ತಪಾಸಣೆ, ಪ್ರಮಾಣಪತ್ರ

ಎಲ್ಲಿಗೆ ಕಳಿಸುವುದು? ಜಿಲ್ಲಾ ಆಸ್ಪತ್ರೆಯ ಡಿಇಐಸಿ ಘಟಕ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ), ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಆಯಿಷ್, ನಡವಳಿಕೆ ಮತ್ತು ಕಲಿಕೆಯ ಪ್ರಶ್ನೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್. ಧರ್ಮಸಭೆಯದೇ ಆಸ್ಪತ್ರೆಗಳೂ ಇವೆ. ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಜೊತೆಗೆ ವಾಕ್-ಶ್ರವಣ ಕಾಲೇಜೂ ಇದೆ, ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ಇದೆ. ಶಾಲೆಯ ಪತ್ರ ಹಿಡಿದು ಹೋದ ಪೋಷಕರಿಗೆ ದಾರಿ ಸುಲಭ. ಪತ್ರದಲ್ಲಿ ಎರಡನೇ ಹೆಜ್ಜೆಯಲ್ಲಿ ಬರೆದಿಟ್ಟ ಗಮನಿಕೆಗಳೇ ಇರಲಿ.

ನಿರ್ದಿಷ್ಟ ಕಲಿಕಾ ನ್ಯೂನತೆಗೆ 8 ವರ್ಷ ತುಂಬುವ ಮೊದಲು ಪ್ರಮಾಣಪತ್ರ ಕೊಡುವಂತಿಲ್ಲ ಎಂದು ಕೇಂದ್ರದ 2018ರ ಮಾರ್ಗಸೂಚಿ ಹೇಳಿತು, 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ ಎಂದಿತು. ಅಷ್ಟರವರೆಗೆ ಕಾಯುತ್ತ ಕೂರಬೇಕಿಲ್ಲ. ಪ್ರಮಾಣಪತ್ರ ಬೇಕಾಗುವುದು ಪರೀಕ್ಷಾ ರಿಯಾಯಿತಿಗೆ, ಸರ್ಕಾರಿ ಸೌಲಭ್ಯಕ್ಕೆ. ತರಗತಿಯಲ್ಲಿ ಮುಂದಿನ ಬೆಂಚಿಗೆ ಕರೆದು ಕೂರಿಸಲು ಯಾವ ಪತ್ರವೂ ಬೇಡ. ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಶೇ. 40 ಮತ್ತು ಅದಕ್ಕಿಂತ ಹೆಚ್ಚಿನ ನ್ಯೂನತೆ ಇದ್ದವರಿಗೆ ಸೌಲಭ್ಯ ಹೆಚ್ಚು. ಶಾಲೆಯ ಕಂಪ್ಯೂಟರಿನಲ್ಲೇ ಅರ್ಜಿ ಹಾಕಿಸಿಕೊಟ್ಟರೆ ದಿನಗೂಲಿ ಬಿಟ್ಟು ಸೈಬರ್ ಸೆಂಟರಿಗೆ ಓಡುವುದು ಅವರಿಗೆ ತಪ್ಪುತ್ತದೆ.

5. ತರಗತಿಯೊಳಗೆ

ನಿಜವಾದ ಕೆಲಸ ಇರುವುದು ಇಲ್ಲಿ. ಪ್ರತಿ ಮಗುವಿಗೂ ಒಂದು ಪುಟದ ವೈಯಕ್ತಿಕ ಶಿಕ್ಷಣ ಯೋಜನೆ ಸಾಕು. ಇಪ್ಪತ್ತು ಪುಟದ ಯೋಜನೆಯನ್ನು ಇನ್‌ಸ್ಪೆಕ್ಷನ್‌ಗೆ ಬಂದವರು ಬಿಟ್ಟರೆ ಯಾರೂ ಓದುವುದಿಲ್ಲ. ಆ ಪುಟದಲ್ಲಿ ಮಗುವಿಗೆ ಏನು ಬರುತ್ತದೆ, ಎಲ್ಲಿ ನಿಂತಿದೆ, ಈ ಮೂರು ತಿಂಗಳಿಗೆ ಎರಡೇ ಗುರಿ, ಯಾರು ಯಾವ ಹೊತ್ತಿನಲ್ಲಿ ಏನು ಮಾಡುತ್ತಾರೆ ಎಂದಿರಲಿ. 'ಓದು ಸುಧಾರಿಸಬೇಕು' ಎಂಬುದು ಗುರಿಯಾಗದು. 'ಸಜಾತೀಯ ಒತ್ತಕ್ಷರವಿರುವ 20 ಪದಗಳಲ್ಲಿ 15ನ್ನು ತಡೆಯದೆ ಓದುವುದು' ಎಂಬುದು ಗುರಿ, ಡಿಸೆಂಬರ್‌ನಲ್ಲಿ ಆಯಿತೋ ಇಲ್ಲವೋ ಯಾರು ಬೇಕಾದರೂ ನೋಡಿ ಹೇಳಬಹುದು.

ಬದಲಿಸಬೇಕಾದ ರೂಢಿಗಳಲ್ಲಿ ಮೊದಲನೆಯದು ಬೋರ್ಡ್ ನೋಡಿ ಬರೆಸುವುದು. ಬರವಣಿಗೆ ನಿಧಾನವಿರುವ ಮಗುವಿಗೆ ನೋಟ್ಸಿನ ಜೆರಾಕ್ಸ್ ಕೊಟ್ಟು ಮುಖ್ಯ ಪದಗಳಿಗೆ ಗೆರೆ ಎಳೆಯಲು ಹೇಳಿ. ಡಿಕ್ಟೇಶನ್‌ನಲ್ಲಿ ಎಲ್ಲರಿಗೂ 20 ಪದವಿದ್ದರೆ ಈ ಮಗುವಿಗೆ ಹಿಂದಿನ ದಿನ ಹೇಳಿಕೊಟ್ಟ 6. ತಪ್ಪಾದ ಪದವನ್ನು ಐವತ್ತು ಸಲ ಬರೆಸುವ ಶಿಕ್ಷೆ ಯಾರಿಗೂ ಬೇಡ, ಈ ಮಕ್ಕಳಿಗಂತೂ ಬೇಡವೇ ಬೇಡ, ತಪ್ಪನ್ನೇ ಐವತ್ತು ಸಲ ಬರೆದು ಕಲಿತುಕೊಳ್ಳುತ್ತಾರೆ. ಎಲ್ಲರೆದುರು ಎದ್ದು ನಿಂತು ಓದಿಸಬೇಕೆಂದಿದ್ದರೆ ನಾಳೆ ಯಾವ ಪ್ಯಾರಾ ಎಂದು ಇಂದೇ ಹೇಳಿ ಕಳಿಸಿ, ಮನೆಯಲ್ಲಿ ಓದಿಕೊಂಡು ಬರುತ್ತದೆ. ಸಮಾಜ, ವಿಜ್ಞಾನದ ಉತ್ತರವನ್ನು ಬಾಯಲ್ಲಿ ಕೇಳಿ ಅಂಕ ಕೊಡಿ, ಕಾಗುಣಿತಕ್ಕೆ ಅಲ್ಲಿ ಅಂಕ ಕಳೆಯಬೇಡಿ. ಲೆಕ್ಕಕ್ಕೆ ಚೌಕುಳಿ ಪುಸ್ತಕ, ಬಿಡಿ-ಹತ್ತು-ನೂರು ಸಾಲು ತಪ್ಪುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಕೂರಲಾರದ ಮಗುವಿಗೆ ಎದ್ದು ಓಡಾಡಲು ಒಂದು ನೆಪ ಬೇಕು. ಹಾಜರಿ ಪುಸ್ತಕ ಆಫೀಸಿಗೆ ಕೊಡುವುದು, ಬೋರ್ಡ್ ಒರೆಸುವುದು, ಹಿಂದಿನ ಸಾಲಿನಲ್ಲಿ ನಿಂತುಕೊಂಡು ಬರೆಯುವುದು. ಮೂರು ಸೂಚನೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮೊದಲನೆಯದನ್ನಷ್ಟೇ ಮಾಡಿತು ಎಂದು ಸಿಟ್ಟಾಗಬೇಡಿ, ಒಂದೊಂದಾಗಿ ಹೇಳಿ.

ಆಟಿಸಂ ಇರುವ ಮಗುವಿಗೆ ನಮ್ಮ ಶಾಲೆಗಳ ಅಸೆಂಬ್ಲಿಯೇ ದಿನದ ಅತಿ ಕಷ್ಟದ ಹೊತ್ತು. ಮೈಕ್, ಬ್ಯಾಂಡ್ ಸೆಟ್, ಬಿಸಿಲು, ಮುಟ್ಟಿಕೊಂಡು ನಿಂತ ಸಾಲು. ಸಾಲಿನ ತುದಿಯಲ್ಲಿ, ಸ್ಪೀಕರಿನಿಂದ ದೂರ ನಿಲ್ಲಿಸಿ, ಬೇಡವೆಂದಾಗ ಜಗುಲಿಗೆ ಹೋಗಲು ಬಿಡಿ. ಶಾಲೆಯ ಹಬ್ಬ, ವಾರ್ಷಿಕೋತ್ಸವ, ಬಿಷಪರ ಭೇಟಿ ಇದ್ದಾಗ ವೇಳಾಪಟ್ಟಿ ತಿರುಗಾಮುರುಗಾ ಆಗುತ್ತದೆ. ಹಿಂದಿನ ದಿನವೇ ಚಿತ್ರ ಬರೆದು ತೋರಿಸಿ, ಮೊದಲು ಏನು, ಆಮೇಲೆ ಏನು ಎಂದು. ಟೈ, ಬಿಗಿಯಾದ ಶೂಗೆ ಮೈ ಒಗ್ಗದಿದ್ದರೆ ವಿನಾಯಿತಿ ಕೊಡಿ. ವಿನಾಯಿತಿಯನ್ನು ಗೇಟಿನಲ್ಲಿ ನಿಲ್ಲುವ ಪಿ.ಟಿ. ಮಾಸ್ಟರಿಗೂ ತಿಳಿಸಿ, ಇಲ್ಲದಿದ್ದರೆ ಬೆಳಗ್ಗೆ ಮೊದಲ ಏಟು ಅಲ್ಲೇ ಬೀಳುತ್ತದೆ.

ಇಂಗ್ಲಿಷ್ ಮಾಧ್ಯಮದವರಿಗೆ ಒಂದು ಮಾತು. ಆವರಣದೊಳಗೆ ಇಂಗ್ಲಿಷ್ ಮಾತ್ರ, ತಪ್ಪಿದರೆ ದಂಡ ಎಂಬ ನಿಯಮ ಇನ್ನೂ ಉಳಿದಿದ್ದರೆ ತೆಗೆದುಹಾಕಿ. ಮಾತೇ ತಡವಾಗಿ ಬಂದ ಮಗುವಿಗೆ ಸಿಕ್ಕಿರುವ ನಾಲ್ಕು ಪದ ಮನೆಯ ಕೊಂಕಣಿಯದೋ ಕನ್ನಡದ್ದೋ ಆಗಿರುತ್ತದೆ. ಅದನ್ನೂ ಕಸಿದುಕೊಂಡರೆ ಉಳಿಯುವುದು ಮೌನ. 'ಮನೆಯಲ್ಲೂ ಇಂಗ್ಲಿಷೇ ಮಾತಾಡಿ' ಎಂದು ಪೋಷಕರಿಗೆ ಬುದ್ಧಿ ಹೇಳುವುದನ್ನೂ ನಿಲ್ಲಿಸಿ.

ಕಟ್ಟಡದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರ‍್ಯಾಂಪ್ ಕಟ್ಟುವುದಾದರೆ 1 ಅಡಿ ಏರಿಗೆ 12 ಅಡಿ ಉದ್ದ, ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿ ಏರದು. ಹಳೆಯ ಮಿಷನ್ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲವೆಂದು ಕೈಚೆಲ್ಲುವ ಬದಲು ಆ ಮಗುವಿನ ತರಗತಿಯನ್ನೇ ಕೆಳಗಿನ ಅಂತಸ್ತಿಗೆ ತನ್ನಿ. ಖರ್ಚಿಲ್ಲ.

6. ವಿಶೇಷ ಶಿಕ್ಷಕಿ ಎಲ್ಲಿಂದ?

2021ರಲ್ಲಿ ಸುಪ್ರೀಂ ಕೋರ್ಟ್ ಕಿರಿಯ ಪ್ರಾಥಮಿಕದಲ್ಲಿ 10 ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕ ಮತ್ತು ಪ್ರೌಢಶಾಲೆಯಲ್ಲಿ 15ಕ್ಕೆ ಒಬ್ಬರು ಎಂಬ ಅನುಪಾತ ಹೇಳಿತು. ಹಳ್ಳಿಯ ಸಣ್ಣ ಶಾಲೆಗೆ ಒಬ್ಬರ ಸಂಬಳವೂ ಕಷ್ಟ. ಇಲ್ಲಿ ಕಥೊಲಿಕ್ ಶಾಲೆಗಳಿಗೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಒಂದೇ ಶಿಕ್ಷಣ ಮಂಡಳಿಯ ಅಥವಾ ಒಂದೇ ಸನ್ಯಾಸಿನಿ ಸಭೆಯ ನಾಲ್ಕೈದು ಶಾಲೆಗಳು ಬಸ್ಸಿನ ಒಂದೇ ದಾರಿಯಲ್ಲಿ ಇರುತ್ತವೆ. ಒಬ್ಬರನ್ನು ನೇಮಿಸಿಕೊಂಡು ವಾರದ ದಿನ ಹಂಚಿಕೊಳ್ಳಬಹುದು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇರುವವರನ್ನೇ ನೇಮಿಸಿ. ಬಿಇಒ ಕಚೇರಿ ಮೂಲಕ ಬ್ಲಾಕಿನ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರ ಪರಿಚಯ ಮಾಡಿಕೊಳ್ಳಿ. ಮಂಗಳೂರಿನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ನಡೆಸುವ ಸಂತ ಆಗ್ನೆಸ್ ವಿಶೇಷ ಶಾಲೆ ಇದೆ. ಇಂಥ ವಿಶೇಷ ಶಾಲೆಗೆ ನಿಮ್ಮ ಶಿಕ್ಷಕಿಯರನ್ನು ಎರಡು ದಿನ ಕಳಿಸಿದರೆ ಯಾವ ಕಾರ್ಯಾಗಾರಕ್ಕಿಂತಲೂ ಹೆಚ್ಚು ಕಲಿತು ಬರುತ್ತಾರೆ.

ವಿಶೇಷ ಶಿಕ್ಷಕಿ ಬಂದ ಮೇಲೆ ಒಂದು ಅಪಾಯವಿದೆ. 'ನಿಮ್ಮ ಮಕ್ಕಳು' ಎಂದು ತರಗತಿ ಶಿಕ್ಷಕಿಯರು ಆ ಮಕ್ಕಳನ್ನು ಇಡೀ ದಿನ ಅವರ ಕೋಣೆಗೆ ಕಳಿಸಿಬಿಡುತ್ತಾರೆ. ದಿನಕ್ಕೆ ಒಂದು ಪೀರಿಯಡ್, ಹೆಚ್ಚೆಂದರೆ ಎರಡು. ಅದೂ ಆಟದ, ಚಿತ್ರಕಲೆಯ ಪೀರಿಯಡ್ ಕಿತ್ತುಕೊಂಡು ಬೇಡ. ಎಷ್ಟೋ ಮಕ್ಕಳು ಶಾಲೆಗೆ ಬರುವುದೇ ಆ ಪೀರಿಯಡ್ಡಿಗಾಗಿ.

7. ಧರ್ಮೋಪದೇಶ, ಸಂಸ್ಕಾರಗಳು

ಕರ್ನಾಟಕದ ಅನೇಕ ಕಥೊಲಿಕ್ ಶಾಲೆಗಳಲ್ಲಿ ಹೆಚ್ಚಿನ ಮಕ್ಕಳು ಕಥೊಲಿಕರಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ, ಪೂಜೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಮಾತು ಬಾರದ ಮಗುವಿಗೂ ಇದು ಅಷ್ಟೇ ಅನ್ವಯ. 'ಹೇಗೂ ಅರ್ಥವಾಗುವುದಿಲ್ಲ, ಕೂತಿರಲಿ' ಎನ್ನುವುದು ಸರಿಯಲ್ಲ.

ಕಥೊಲಿಕ್ ಮಗುವಿನ ವಿಷಯದಲ್ಲಿ ತಪ್ಪು ಆಗುವುದು ತದ್ವಿರುದ್ಧ ದಿಕ್ಕಿನಲ್ಲಿ. ಪ್ರಾರ್ಥನೆಗಳು ಬಾಯಿಪಾಠ ಬರುವುದಿಲ್ಲವೆಂದು ಪ್ರಥಮ ಪರಮಪ್ರಸಾದದ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯನ್ನು ಮಗು ಮೊದಲ ಸಲ ಸ್ವೀಕರಿಸುವ ಸಂಸ್ಕಾರ) ಪಟ್ಟಿಯಿಂದ ಹೆಸರು ಬಿಡುತ್ತಾರೆ. ತಾಯಂದಿರಿಗೆ ಇದರಷ್ಟು ನೋಯುವ ಸಂಗತಿ ಇನ್ನೊಂದಿಲ್ಲ. ಬೌದ್ಧಿಕ, ದೈಹಿಕ ನ್ಯೂನತೆ ಇರುವವರಿಗೂ ಅವರ ಶಕ್ತಿಗೆ ತಕ್ಕಂತೆ ಧರ್ಮೋಪದೇಶ ಕೊಡುವುದು ವಿಚಾರಣಾ ಗುರುಗಳ (ಊರಿನ ಚರ್ಚಿನ ಪಾದ್ರಿ) ಹೊಣೆ ಎಂದು ಧರ್ಮಸಭೆಯ ಕಾನೂನಿನ 777ನೇ ನಿಯಮದಲ್ಲೇ ಇದೆ. ಇವರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸಬಾರದೆಂದು 2020ರಲ್ಲಿ ವ್ಯಾಟಿಕನ್ ಹೊರಡಿಸಿದ ಧರ್ಮೋಪದೇಶದ ಮಾರ್ಗದರ್ಶಿಯೂ ಹೇಳುತ್ತದೆ.

ಹೇಗೆ ಮಾಡುವುದು? ಚರ್ಚಿನಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಕರೆದೊಯ್ದು ಪೀಠ, ಮೇಣದಬತ್ತಿ, ಸಾಲು ಬರುವ ದಾರಿ ತೋರಿಸಿ. ಬಲಿಪೂಜೆಯ ಕ್ರಮವನ್ನು ಏಳೆಂಟು ಫೋಟೊಗಳಲ್ಲಿ ಪುಸ್ತಕ ಮಾಡಿಕೊಡಿ. ಬಾಯಿಗೆ ಒಗ್ಗದ್ದನ್ನು ಉಗುಳುವ ಮಗುವಾದರೆ, ಅರ್ಪಿಸದ ಒಸ್ತಿಯ (ಪರಮಪ್ರಸಾದದ ತೆಳು ರೊಟ್ಟಿ) ಚೂರುಗಳಿಂದ ಮನೆಯಲ್ಲಿ ರೂಢಿ ಮಾಡಿಸಿ. ಗಟ್ಟಿ ಪದಾರ್ಥ ನುಂಗಲೇ ಆಗದವರಿಗೆ ದ್ರಾಕ್ಷಾರಸದ ರೂಪದಲ್ಲಷ್ಟೇ ಕೊಡಲು 925ನೇ ನಿಯಮ ಅವಕಾಶ ಕೊಡುತ್ತದೆ, ಫಾದರ್ ಬಳಿ ಮುಂಚೆಯೇ ಮಾತಾಡಿ. ಪಾಪನಿವೇದನೆಗೆ ಮಾತು ಬಾರದಿದ್ದರೆ ಚಿತ್ರದ ಚೀಟಿ ತೋರಿಸಬಹುದು.

8. ಸುರಕ್ಷತೆ

ಹೇಳಿಕೊಳ್ಳಲಾಗದ ಮಗುವಿಗೆ ಅಪಾಯ ಹೆಚ್ಚು. ಶೌಚಕ್ಕೆ ಕರೆದೊಯ್ಯುವವರು ಯಾರು ಎಂಬುದು ಬರಹದಲ್ಲಿರಲಿ, ಮುಚ್ಚಿದ ಬಾಗಿಲಿನ ಹಿಂದೆ ಒಬ್ಬರೇ ಪಾಠ ಮಾಡುವುದು ಬೇಡ. ಥೆರಪಿಸ್ಟ್, ವ್ಯಾನ್ ಚಾಲಕ, ಧರ್ಮಗುರು ಎಲ್ಲರಿಗೂ ಒಂದೇ ನಿಯಮ. ಮಗುವಿನ ನ್ಯೂನತೆಯನ್ನು ಬಳಸಿಕೊಂಡು ನಡೆಸುವ ಲೈಂಗಿಕ ದೌರ್ಜನ್ಯವನ್ನು 2012ರ ಪೋಕ್ಸೊ ಕಾಯ್ದೆ ಹೆಚ್ಚು ಘೋರವೆಂದು ಎಣಿಸುತ್ತದೆ. ಅನುಮಾನ ಬಂದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಕಡ್ಡಾಯ. ಒಳಗೊಳಗೇ ವಿಚಾರಣೆ ಮಾಡಿ ಮುಗಿಸುವಂತಿಲ್ಲ.

9. ಎಸ್ಸೆಸ್ಸೆಲ್ಸಿ

ತಯಾರಿ ಎಂಟನೇ ತರಗತಿಯಲ್ಲೇ ಆಗಬೇಕು. ಪ್ರಮಾಣಪತ್ರ ಇದೆಯೇ, ಅವಧಿ ಮುಗಿದಿದೆಯೇ ನೋಡಿ. ಹತ್ತನೆಯ ನೋಂದಣಿ ಶುರುವಾದ ಮೇಲೆ ಆಸ್ಪತ್ರೆಗೆ ಓಡಿದರೆ ಪತ್ರ ಕೈಗೆ ಬರುವಷ್ಟರಲ್ಲಿ ಗಡುವು ಮೀರಿರುತ್ತದೆ. ಪರೀಕ್ಷಾ ಮಂಡಳಿ ಬರಹಗಾರರ ಸಹಾಯ, ಹೆಚ್ಚುವರಿ ಸಮಯ, ಕೆಲವು ನ್ಯೂನತೆಗಳಿಗೆ ಭಾಷೆ ಅಥವಾ ವಿಷಯದಲ್ಲಿ ವಿನಾಯಿತಿ ಕೊಡುತ್ತದೆ. ಯಾವ ನ್ಯೂನತೆಗೆ ಯಾವುದು ಎಂಬುದನ್ನು ಆ ವರ್ಷದ ಸುತ್ತೋಲೆ ಓದಿಯೇ ತೀರ್ಮಾನಿಸಿ. ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ ಎಂಬುದು ಕೇಂದ್ರದ 2018ರ ಮಾರ್ಗಸೂಚಿಯ ಲೆಕ್ಕ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಯವರಿಗೆ ಅವರವರ ಮಂಡಳಿಯ ನಿಯಮಗಳಿವೆ.

ಬರಹಗಾರರನ್ನು ಕೆಳಗಿನ ತರಗತಿಯಿಂದ ಆರಿಸಿ, ಒಂಬತ್ತನೆಯಲ್ಲೇ ಜೋಡಿ ಮಾಡಿ, ಯೂನಿಟ್ ಟೆಸ್ಟ್‌ಗಳನ್ನೂ ಹಾಗೆಯೇ ಬರೆಸಿ. ಉತ್ತರವನ್ನು ಬಾಯಲ್ಲಿ ಹೇಳಿ ಬರೆಸುವುದೂ ಕಲಿಯಬೇಕಾದ ಕೆಲಸ. ಎಲ್ಲಿ ಪ್ಯಾರಾ, ಎಲ್ಲಿ ಗೆರೆ ಎಂದು ಹೇಳಬೇಕು, ಬರೆದದ್ದನ್ನು ಓದಿಸಿ ಕೇಳಬೇಕು. ನೂರಕ್ಕೆ ನೂರು ಫಲಿತಾಂಶದ ಬ್ಯಾನರ್ ಉಳಿಸಲು ಇಂಥ ಮಗುವನ್ನು ಒಂಬತ್ತರಲ್ಲಿ ಟಿ.ಸಿ. ಕೊಟ್ಟು ಸಾಗಹಾಕುವ ಶಾಲೆಗಳಿವೆ. ಶಿಲುಬೆ ಇರುವ ಗೇಟಿನೊಳಗೂ ಇದು ನಡೆಯುತ್ತದೆ, ನಾಚಿಕೆಗೇಡು. ಮಾಮೂಲಿ ಪಠ್ಯಕ್ರಮ ನಿಜಕ್ಕೂ ಹೊಂದದ ಮಗುವಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲೆ) ಒಳ್ಳೆಯ ದಾರಿ, ವಿಷಯ ಆರಿಸಿಕೊಳ್ಳಬಹುದು, ಒಂದೊಂದಾಗಿ ಮುಗಿಸಬಹುದು. ಆದರೆ ಅದನ್ನು ಏಳೆಂಟನೇ ತರಗತಿಯಲ್ಲೇ ಪೋಷಕರೊಂದಿಗೆ ಕೂತು ತೀರ್ಮಾನಿಸಬೇಕು.

10. ಮೇ ತಿಂಗಳ ಕಡತ

ಪ್ರತಿ ಮಗುವಿಗೊಂದು ಫೈಲ್, ಮುಖ್ಯೋಪಾಧ್ಯಾಯಿನಿಯ ಬೀರುವಿನಲ್ಲಿ. ಒಳಗೆ ಗಮನಿಕೆಯ ಹಾಳೆ, ಆಸ್ಪತ್ರೆಯ ವರದಿಯ ಪ್ರತಿ, ವರ್ಷ ವರ್ಷದ ಒಂದು ಪುಟದ ಯೋಜನೆ, ಕೊಟ್ಟ ವಿನಾಯಿತಿಗಳು, ಪೋಷಕರ ಜೊತೆ ಆಡಿದ ಮಾತಿನ ದಿನಾಂಕ ಮತ್ತು ಸಾರ. ಮೇಲಿನ ಹಾಳೆಯಲ್ಲಿ ಐದೇ ಸಾಲು: ಯಾವುದಕ್ಕೆ ಹೆದರುತ್ತದೆ, ಯಾವುದರಿಂದ ಸಮಾಧಾನವಾಗುತ್ತದೆ, ಮಾತ್ರೆ ಯಾವಾಗ, ಯಾರ ಪಕ್ಕ ಕೂರುತ್ತದೆ, ತುರ್ತಿಗೆ ಯಾರಿಗೆ ಫೋನ್. ವೈದ್ಯಕೀಯ ವರದಿ ಸ್ಟಾಫ್‌ರೂಮಿನ ಮೇಜಿನ ಮೇಲೆ ಓಡಾಡಕೂಡದು, ಮೇಲಿನ ಹಾಳೆ ಮಾತ್ರ ಪಾಠ ಮಾಡುವವರಿಗೆಲ್ಲ.

ಮೇ ಕೊನೆಯಲ್ಲಿ, ಹೊಸ ತರಗತಿ ಶಿಕ್ಷಕಿ, ಹಳೆಯ ಶಿಕ್ಷಕಿ, ಹೊಣೆ ಹೊತ್ತ ಶಿಕ್ಷಕಿ ಮೂವರೂ ಕೂತು ಪ್ರತಿ ಫೈಲಿಗೆ ಹತ್ತು ನಿಮಿಷ ಕೊಡಲಿ. ಮುಖ್ಯೋಪಾಧ್ಯಾಯಿನಿಗೆ ವರ್ಗವಾಗಿದ್ದರೆ ಚಾರ್ಜ್ ಕೊಡುವ ಪಟ್ಟಿಯಲ್ಲಿ ಬ್ಯಾಂಕ್ ಪಾಸ್‌ಬುಕ್, ದಾಖಲಾತಿ ರಿಜಿಸ್ಟರ್ ಜೊತೆ ಈ ಫೈಲುಗಳ ಸಂಖ್ಯೆಯನ್ನೂ ಬರೆದು ಇಬ್ಬರೂ ಸಹಿ ಹಾಕಲಿ. ಹೊಸ ಶಿಕ್ಷಕಿಯ ಮುಖ ಪರಿಚಯವಾಗಲು ಮಗುವನ್ನು ಶಾಲೆ ಶುರುವಾಗುವ ಒಂದೆರಡು ದಿನ ಮೊದಲೇ ಕರೆಸಿ, ಯಾವ ಕೋಣೆ, ಯಾವ ಬೆಂಚು, ಶೌಚಾಲಯ ಎಲ್ಲಿ ಎಂದು ತೋರಿಸಿ. ಹತ್ತು ಮುಗಿಸಿ ಪಿಯುಸಿಗೆ ಹೋಗುವವರ ಫೈಲಿನ ಪ್ರತಿಯನ್ನು ಪೋಷಕರ ಕೈಗೇ ಕೊಡಿ. ಕಾಲೇಜಿಗೆ ತೋರಿಸಬೇಕೋ ಬೇಡವೋ ಅವರೂ ಮಗುವೂ ಸೇರಿ ತೀರ್ಮಾನಿಸಲಿ.